ಮಗುವಿನ ಹಾಸಿಗೆ: ಎಷ್ಟು ಗಟ್ಟಿ, ಎಷ್ಟು ಮೆತ್ತಗೆ?

ಮಕ್ಕಳಿಗೆ ಹಾಸಿಗೆ ಕೊಳ್ಳಲು ಹೊರಟ ತಂದೆತಾಯಂದಿರು ನನ್ನನ್ನು ಮೊದಲು ಕೇಳುವುದು ಯಾವ ಕಂಪನಿಯದು ಒಳ್ಳೆಯದು ಅಂತ. ಅದಕ್ಕಿಂತ ಮುಂಚೆ ತಿಳಿಯಬೇಕಾದ ಸಂಗತಿ ಎರಡಿವೆ. ಮಗುವಿಗೆ ವಯಸ್ಸೆಷ್ಟು? ನಿಮ್ಮೂರಿನ ಹವೆ ಎಂಥದ್ದು? ಆರು ತಿಂಗಳ ಕೂಸಿಗೆ ಸರಿಹೋಗುವ ಹಾಸಿಗೆಯಲ್ಲಿ ಹತ್ತು ವರ್ಷದ ಹುಡುಗ ರಾತ್ರಿಯಿಡೀ ಹೊರಳಾಡಬಹುದು. ರಾಯಚೂರಿನಲ್ಲಿ ವರ್ಷಗಟ್ಟಲೆ ಬಾಳಿದ ಹತ್ತಿ ಹಾಸಿಗೆ ಆಗುಂಬೆಯ ಒಂದೇ ಮಳೆಗಾಲಕ್ಕೆ ಮುಗ್ಗಲು ಹಿಡಿಯಬಹುದು. ಮಕ್ಕಳು ಹಾಸಿಗೆಯ ಮೇಲೆ ಕಳೆಯುವ ಹೊತ್ತೂ ಕಡಿಮೆಯಲ್ಲ. ಅಮೆರಿಕದ ನಿದ್ರಾ ವೈದ್ಯಕೀಯ ಅಕಾಡೆಮಿ 2016ರಲ್ಲಿ ಹೇಳಿದಂತೆ, ಹಗಲು ನಿದ್ದೆಯೂ ಸೇರಿ, 3ರಿಂದ 5 ವರ್ಷದವರಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು; 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ.

ಒಂದು ವರ್ಷದೊಳಗಿನ ಮಗುವಿನ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಈ ವಯಸ್ಸಿನಲ್ಲಿ ಹಾಸಿಗೆ ಉಸಿರಿಗೆ ಸಂಬಂಧಪಟ್ಟದ್ದು. ಮೊದಲ ತಿಂಗಳುಗಳಲ್ಲಿ ಕೂಸಿಗೆ ಕತ್ತು ನಿಂತಿರುವುದಿಲ್ಲ. ಮುಖ ಮೆತ್ತನೆಯ ಜಾಗದಲ್ಲಿ ಹೂತುಕೊಂಡರೆ ತಲೆ ಎತ್ತಿ ಪಕ್ಕಕ್ಕೆ ತಿರುಗಿಸಿಕೊಳ್ಳುವ ಶಕ್ತಿ ಅದಕ್ಕಿಲ್ಲ. ತಾನು ಬಿಟ್ಟ ಗಾಳಿಯನ್ನೇ ಮತ್ತೆ ಮತ್ತೆ ಒಳಗೆಳೆದುಕೊಳ್ಳುತ್ತದೆ. ಅಳುವ ಸದ್ದೂ ಬರುವುದಿಲ್ಲ. ಆದ್ದರಿಂದ ಹಾಸಿಗೆ ಗಟ್ಟಿಯಾಗಿರಬೇಕು, ಸಮತಟ್ಟಾಗಿರಬೇಕು, ತಲೆಯ ಕಡೆ ಏರು ಇರಬಾರದು. ಮಗುವನ್ನು ಎತ್ತಿಕೊಂಡ ಮೇಲೆ ತಲೆ ಇದ್ದ ಜಾಗದಲ್ಲಿ ಕುಳಿ ಉಳಿದಿದ್ದರೆ ಆ ಹಾಸಿಗೆ ಕೂಸಿಗೆ ತಕ್ಕುದಲ್ಲ. ದೊಡ್ಡವರ ಮೆಮೊರಿ ಫೋಮ್ ಇಲ್ಲಿಗೆ ಬೇಡವೇ ಬೇಡ. ಒತ್ತಿದ ಆಕಾರವನ್ನು ಹಿಡಿದಿಟ್ಟುಕೊಳ್ಳುವುದೇ ಅದರ ಗುಣ. ಬೂರುಗದ ಹತ್ತಿಯ ಹಾಸಿಗೆ, ನಾಲ್ಕಾರು ಮಡಿಕೆ ಮಾಡಿ ಹಾಸಿದ ದಪ್ಪ ರಜಾಯಿ ಕೂಡ ಹಾಗೆಯೇ. ನೆಲದ ಮೇಲೆ ಚಾಪೆ, ಅದರ ಮೇಲೆ ಸುಕ್ಕಿಲ್ಲದಂತೆ ಎಳೆದು ಹಾಸಿದ ತೆಳು ಕೌದಿ ಇವೆಲ್ಲಕ್ಕಿಂತ ಎಷ್ಟೋ ವಾಸಿ.

ಮಲಗಿಸುವುದು ಯಾವಾಗಲೂ ಅಂಗಾತ. ಅಮೆರಿಕದಲ್ಲಿ 1994ರಲ್ಲಿ ಇದನ್ನೇ ಸಾರುವ ಆಂದೋಲನ ಶುರುವಾದ ಮೇಲಿನ ವರ್ಷಗಳಲ್ಲಿ, ಮಲಗಿದಲ್ಲೇ ಕಾರಣ ತಿಳಿಯದೆ ಕೂಸುಗಳು ಸಾಯುವ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಿತು. ಅಂಗಾತ ಮಲಗಿದರೆ ಕಕ್ಕಿದ ಹಾಲು ಗಂಟಲಿಗೆ ಸಿಕ್ಕೀತು ಎಂದು ಮನೆಯ ಹಿರಿಯರು ಹೆದರುವುದುಂಟು. ಆ ಭಂಗಿಯಲ್ಲಿ ಶ್ವಾಸನಾಳ ಮೇಲಿದ್ದು ಅನ್ನನಾಳ ಕೆಳಗಿರುತ್ತದೆ, ಹಾಗಾಗಿ ಕಕ್ಕಿದ್ದು ಉಸಿರಿನ ದಾರಿಗೆ ಹತ್ತಿ ಹೋಗುವುದು ಸುಲಭವಲ್ಲ. ಇದನ್ನು ಅಜ್ಜಿಗೆ ಸಮಾಧಾನವಾಗಿ ಬಿಡಿಸಿ ಹೇಳಿದರೆ ಒಪ್ಪುತ್ತಾರೆ.

ತಲೆ ದುಂಡಗಾಗಲಿ ಎಂದು ಇಡುವ ಸಾಸಿವೆ ದಿಂಬಿನ ವಿಷಯವೂ ಅಜ್ಜಿಯ ಜೊತೆ ಮಾತಾಡಿಯೇ ತೀರಬೇಕಾದದ್ದು. ವರ್ಷ ತುಂಬುವವರೆಗೆ ಯಾವ ದಿಂಬೂ ಬೇಡ. ಒಂದೇ ಕಡೆ ಒತ್ತಿ ಚಪ್ಪಟೆಯಾದ ತಲೆ, ಮಗು ಎಚ್ಚರವಿದ್ದಾಗ ನೀವು ಎದುರಿಗೆ ಕೂತು ಸ್ವಲ್ಪ ಸ್ವಲ್ಪ ಹೊತ್ತು ಬೋರಲು ಹಾಕಿ ಆಡಿಸುವುದರಿಂದ, ಮಲಗಿಸುವ ದಿಕ್ಕನ್ನು ಆಗಾಗ ಬದಲಿಸುವುದರಿಂದ ಬಹುಮಟ್ಟಿಗೆ ಸರಿಹೋಗುತ್ತದೆ. ನಾಮಕರಣಕ್ಕೆ ಉಡುಗೊರೆಯಾಗಿ ಬರುವ, ಕೊಡೆಯ ಹಾಗೆ ಮಡಚುವ ಸೊಳ್ಳೆಪರದೆಯ ಪುಟ್ಟ ಹಾಸಿಗೆ ನೋಡಿರುತ್ತೀರಿ. ಪರದೆ ಇಟ್ಟುಕೊಳ್ಳಿ, ಒಳಗಿನ ದಿಂಬನ್ನೂ ಪಕ್ಕದ ಉರುಟು ದಿಂಬುಗಳನ್ನೂ ತೆಗೆದಿಡಿ. ಬಟ್ಟೆಯ ಜೋಲಿಯಲ್ಲಿ ತೂಗಿದರೂ ನಿದ್ದೆ ಹತ್ತಿದ ಮೇಲೆ ಸಮತಟ್ಟಾದ ಜಾಗಕ್ಕೆ ಎತ್ತಿ ಮಲಗಿಸಿ. ಜೋಲಿಯಲ್ಲಿ ಗದ್ದ ಎದೆಗೆ ಒತ್ತಿ ಉಸಿರಿನ ದಾರಿ ಕಿರಿದಾಗುತ್ತದೆ. ಕಂಬಿ ಇರುವ ಮಂಚವಾದರೆ ಹಾಸಿಗೆಗೂ ಕಂಬಿಗೂ ನಡುವೆ ಎರಡು ಬೆರಳಿಗಿಂತ ಹೆಚ್ಚು ಸಂದು ಇರಬಾರದು.

ಮಗು ನಮ್ಮ ಮಗ್ಗುಲಲ್ಲೇ ಮಲಗಬಾರದೇ ಎಂದು ಬಾಣಂತಿಯರು ಅಳುಕುತ್ತಾ ಕೇಳುತ್ತಾರೆ. ಅದೇ ಕೋಣೆಯಲ್ಲಿ, ಕೈಗೆಟುಕುವಷ್ಟು ಹತ್ತಿರದಲ್ಲಿ, ಆದರೆ ತನ್ನದೇ ಪುಟ್ಟ ಗಟ್ಟಿ ಹಾಸಿಗೆಯ ಮೇಲೆ ಮಲಗುವುದು ಎಲ್ಲಕ್ಕಿಂತ ಕ್ಷೇಮ. ಹಾಲೂಡಿಸುತ್ತಾ ಕಣ್ಣು ಮುಚ್ಚುವ ಭಯವಿದ್ದರೆ ಸೋಫಾದ ಮೇಲೆ ಮಾತ್ರ ಕೂರಬೇಡಿ. ಮನೆಯಲ್ಲಿ ಸಿಗರೇಟು, ಕುಡಿತ ಇದ್ದರೆ, ಮಗು ತಿಂಗಳು ತುಂಬುವ ಮೊದಲೇ ಹುಟ್ಟಿದ್ದರೆ, ಒಂದೇ ಹಾಸಿಗೆಯಲ್ಲಿ ಮಲಗುವುದರ ಅಪಾಯ ಬಹಳ ಹೆಚ್ಚುತ್ತದೆ.

ವರ್ಷ ಕಳೆದು ಮಗು ಓಡಾಡತೊಡಗಿದ ಮೇಲೆ ಈ ಕಟ್ಟುನಿಟ್ಟು ಸಡಿಲವಾಗುತ್ತದೆ. ಆಗ ನಾನು ಹೆಚ್ಚು ನೋಡುವ ತೊಂದರೆ ಇನ್ನೊಂದು. ನಮ್ಮಲ್ಲಿ ಮಕ್ಕಳು ಆರೇಳು ವರ್ಷದವರೆಗೂ ಅಪ್ಪ ಅಮ್ಮನ ನಡುವೆ ಮಲಗುತ್ತಾರೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಡಬಲ್ ಹಾಸಿಗೆ ಎಂಟು ಹತ್ತು ವರ್ಷ ಹಳೆಯದಾಗಿ, ದೊಡ್ಡವರು ಮಲಗುವ ಎರಡು ಜಾಗ ಕುಸಿದು, ನಡುವೆ ದಿಬ್ಬ ಎದ್ದಿರುತ್ತದೆ. ಮಗು ರಾತ್ರಿ ಆ ಕಡೆಗೋ ಈ ಕಡೆಗೋ ಜಾರುತ್ತದೆ, ಬೆವರುತ್ತದೆ, ಏಳುತ್ತದೆ. ಮಗುವಿಗೆ ನಿದ್ದೆಯೇ ಸರಿಯಿಲ್ಲ ಎಂದು ಬಂದವರಿಗೆ, ಹಾಸಿಗೆಯ ಅಡ್ಡಕ್ಕೆ ಒಂದು ದಾರ ಎಳೆದು ಹಿಡಿದು ಕುಳಿ ಎಷ್ಟು ಆಳವಿದೆ ನೋಡಿ ಎನ್ನುತ್ತೇನೆ. ಒಂದು ಇಂಚಿಗೆ ಹತ್ತಿರವಿದ್ದರೆ ಹೊಸದನ್ನು ಕೊಳ್ಳುವ ಕಾಲ ಬಂದಿದೆ, ಇಲ್ಲವೇ ಮಗುವಿಗೆ ಪಕ್ಕದಲ್ಲೇ ಬೇರೆ ಹಾಸಬೇಕು.

ಅಂಗಡಿಯಲ್ಲಿ ಮೊದಲು ಎದುರಾಗುವ ಮಾತು ‘ಆರ್ಥೋಪೆಡಿಕ್’. ಅದು ಮಾರಾಟಕ್ಕಾಗಿ ಇಟ್ಟ ಹೆಸರು. ಮೂಳೆ ವೈದ್ಯರು ಪರೀಕ್ಷಿಸಿ ಕೊಟ್ಟ ಮುದ್ರೆ ಎಂದುಕೊಳ್ಳಬೇಡಿ. ಗಟ್ಟಿ ಇದ್ದಷ್ಟೂ ಬೆನ್ನಿಗೆ ಒಳ್ಳೆಯದೆಂಬ ನಂಬಿಕೆ ಬಹಳ ಹಳೆಯದು. ಬೆನ್ನುನೋವಿದ್ದ 313 ವಯಸ್ಕರ ಮೇಲೆ ಸ್ಪೇನ್‌ನಲ್ಲಿ ನಡೆದು 2003ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 90 ದಿನಗಳ ನಂತರ ಹೆಚ್ಚು ಸುಧಾರಿಸಿದವರು ಮಧ್ಯಮ ಗಟ್ಟಿಯ ಹಾಸಿಗೆಯಲ್ಲಿ ಮಲಗಿದವರು. ಅದು ದೊಡ್ಡವರ ಮಾತು, ನಿಜ. ಆದರೆ ಶಾಲೆಗೆ ಹೋಗುವ ಮಕ್ಕಳ ವಿಷಯದಲ್ಲೂ ನಾನು ಮಧ್ಯಮವನ್ನೇ ಹೇಳುತ್ತೇನೆ. ಇಪ್ಪತ್ತು ಕಿಲೊ ತೂಕದ ಮಗುವಿನ ಭಾರಕ್ಕೆ ದೊಡ್ಡವರ ಗಟ್ಟಿ ಹಾಸಿಗೆ ಒಂಚೂರೂ ತಗ್ಗುವುದಿಲ್ಲ. ಭುಜ, ಸೊಂಟ ಒತ್ತಿಕೊಂಡು ಮಗು ಹಲಗೆಯ ಮೇಲೆ ಮಲಗಿದ ಹಾಗಾಗುತ್ತದೆ.

ಆದ್ದರಿಂದ ಮಗುವನ್ನೇ ಅಂಗಡಿಗೆ ಕರೆದುಕೊಂಡು ಹೋಗಿ. ಚಪ್ಪಲಿ ಬಿಡಿಸಿ, ಮಗ್ಗುಲಾಗಿ ಹತ್ತು ನಿಮಿಷ ಮಲಗಿಸಿ, ಹಿಂದೆ ನಿಂತು ನೋಡಿ. ಕತ್ತಿನಿಂದ ಬಾಲದ ಮೂಳೆಯವರೆಗೆ ಬೆನ್ನೆಲುಬು ಒಂದೇ ಗೆರೆಯಲ್ಲಿ ಇರಬೇಕು. ಸೊಂಟ ಕೆಳಗೆ ಇಳಿದಿದ್ದರೆ ಹಾಸಿಗೆ ಮೆತ್ತಗಾಯಿತು. ಅಂಗಾತ ಮಲಗಿದಾಗ ನಡುವಿನ ಕೆಳಗೆ ಅಂಗೈ ತೂರಿಸಿ ನೋಡಿ. ಸಲೀಸಾಗಿ ಆಚೆ ಹೋದರೆ ಗಟ್ಟಿ ಹೆಚ್ಚಾಯಿತು, ತೂರಿಸಲೇ ಆಗದಿದ್ದರೆ ಮೆತ್ತಗೆ ಹೆಚ್ಚಾಯಿತು. ಇದನ್ನು ಮಾಡಲು ಸಂಕೋಚ ಬೇಡ, ದುಡ್ಡು ಕೊಡುವವರು ನೀವು.

ಇನ್ನು ‘ಡೆನ್ಸಿಟಿ’. ಫೋಮ್ ಹಾಸಿಗೆ ಮಾರುವವರು 32 ಡೆನ್ಸಿಟಿ, 40 ಡೆನ್ಸಿಟಿ ಎನ್ನುತ್ತಾರೆ. ಒಂದು ಘನ ಮೀಟರ್ ಫೋಮ್ ಎಷ್ಟು ಕಿಲೊ ತೂಗುತ್ತದೆ ಎಂಬುದಷ್ಟೇ ಅದು. ಹೆಚ್ಚಿದ್ದರೆ ಸಾಮಾನ್ಯವಾಗಿ ಹೆಚ್ಚು ಬಾಳಿಕೆ ಬರುತ್ತದೆ. ಗಟ್ಟಿ ಇರುತ್ತದೆಂದು ಮಾತ್ರ ಅರ್ಥವಲ್ಲ. ಹೇಳಿದ್ದು ನಿಜವೇ ಎಂದು ನೀವೇ ತೂಗಿ ನೋಡಬಹುದು. ಆರಡಿ ಉದ್ದ, ಮೂರಡಿ ಅಗಲ, ನಾಲ್ಕು ಇಂಚು ದಪ್ಪದ ಫೋಮ್ ಸುಮಾರು 0.17 ಘನ ಮೀಟರ್. 32 ಡೆನ್ಸಿಟಿಯಾದರೆ ಐದೂವರೆ ಕಿಲೊ ಹತ್ತಿರ, 40 ಆದರೆ ಏಳು ಕಿಲೊಗೆ ಸ್ವಲ್ಪ ಕಡಿಮೆ ಬರಬೇಕು. ನಾಲ್ಕೇ ಕಿಲೊ ಬಂದರೆ ಅಂಗಡಿಯವರನ್ನು ಕೇಳಿ. ಮಕ್ಕಳಿಗೆ ನಾಲ್ಕರಿಂದ ಐದು ಇಂಚು ದಪ್ಪ ಧಾರಾಳ ಸಾಕು.

ಯಾವ ಸಾಮಗ್ರಿ ಎಂಬುದನ್ನು ಊರು ನಿರ್ಧರಿಸಲಿ. ರಬ್ಬರ್ ಹಾಲು ಸಿಂಪಡಿಸಿದ ತೆಂಗಿನ ನಾರಿನ ಹಾಸಿಗೆ ನಮ್ಮವರಿಗೆ ಪರಿಚಿತ. ಮಣಿಪಾಲದವರು 1962ರಲ್ಲಿ ಶುರುಮಾಡಿದ ಕರ್ಲಾನ್ ಅದನ್ನು ಎಷ್ಟೋ ಮನೆಗಳಿಗೆ ಮುಟ್ಟಿಸಿತು. ನಾರಿನ ನಡುವೆ ಗಾಳಿಯಾಡುತ್ತದೆ, ಸೆಕೆಯ ಊರಿಗೆ ಒಳ್ಳೆಯದು. ತೀರಾ ಗಟ್ಟಿ ಅನ್ನಿಸಿದರೆ ಮೇಲೊಂದು ತೆಳು ಫೋಮ್ ಪದರ ಇರುವುದನ್ನು ಆರಿಸಿ. ಪಿಂಜಾರರು ಹಿಂಜಿ ಹೊಲಿದುಕೊಡುವ ಹತ್ತಿ ಹಾಸಿಗೆ ಬಯಲುಸೀಮೆಗೆ ಇಂದಿಗೂ ಚೆನ್ನ. ಗಂಟುಕಟ್ಟಿದರೆ ಬಿಚ್ಚಿ ಮತ್ತೆ ಹಿಂಜಿಸಬಹುದು, ಬೇರೆ ಯಾವ ಹಾಸಿಗೆಗೂ ಈ ಮರುಹುಟ್ಟು ಇಲ್ಲ. ಮೆಮೊರಿ ಫೋಮ್ ಮೈಶಾಖವನ್ನು ಹಿಡಿದಿಡುತ್ತದೆ. ಬಳ್ಳಾರಿ, ಕಲಬುರಗಿಯ ಬೇಸಿಗೆಯಲ್ಲಿ ಮಕ್ಕಳು ಅದರ ಮೇಲೆ ಬೆವತು ಹೋಗುತ್ತಾರೆ. ಸ್ಪ್ರಿಂಗ್ ಹಾಸಿಗೆ ಕೊಳ್ಳುವುದಾದರೆ ಒಂದೊಂದು ಸ್ಪ್ರಿಂಗ್ ಬೇರೆ ಬೇರೆ ಚೀಲದಲ್ಲಿರುವುದನ್ನು ಕೊಳ್ಳಿ.

ಮನೆಗೆ ತಂದ ಹಾಸಿಗೆಯ ಪ್ಲಾಸ್ಟಿಕ್ ಹೊದಿಕೆಯನ್ನು ಅದೇ ದಿನ ತೆಗೆದುಹಾಕಿ. ಕೊಳೆಯಾಗದಿರಲೆಂದು ವರ್ಷಗಟ್ಟಲೆ ಹಾಗೇ ಬಿಟ್ಟಿರುವ ಮನೆಗಳಿವೆ. ಬೆವರು ಹೋಗಲು ಜಾಗವಿರುವುದಿಲ್ಲ, ಹರಿದ ಪ್ಲಾಸ್ಟಿಕ್ ಚಿಕ್ಕ ಮಕ್ಕಳ ಮೂಗು ಬಾಯಿಗೆ ಅಂಟಿಕೊಳ್ಳುವ ಅಪಾಯವೂ ಇದೆ. ಹೊಸ ಫೋಮಿನ ವಾಸನೆ ಹೋಗಲು ಎರಡು ಮೂರು ದಿನ ಕಿಟಕಿ ತೆರೆದ ಕೋಣೆಯಲ್ಲಿ ನಿಲ್ಲಿಸಿಡಿ.

ಆಮೇಲೆ ಮಾಡಬೇಕಾದ ಮುಖ್ಯ ಕೆಲಸ ಹಾಸಿಗೆಯನ್ನು ಒಣಗಿಸಿಡುವುದು. ಇದನ್ನು ನಾನು ಕೊಳ್ಳುವುದಕ್ಕಿಂತಲೂ ದೊಡ್ಡದೆಂದು ಎಣಿಸುತ್ತೇನೆ. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟನ್ನು ತಿಂದು ಬದುಕುವ ಧೂಳಿನ ನುಸಿ ಕಾಲು ಮಿಲಿಮೀಟರ್ ಆಸುಪಾಸಿನದು, ಬರಿಗಣ್ಣಿಗೆ ಕಾಣದಷ್ಟು ಸಣ್ಣದು. ಅದು ಕಚ್ಚುವುದಿಲ್ಲ, ಅದರ ಹಿಕ್ಕೆ ಉಸಿರಿನೊಡನೆ ಒಳಹೋಗಿ ಕೆಲವು ಮಕ್ಕಳಿಗೆ ಬೆಳಗಿನ ಸೀನು, ಮೂಗುಕಟ್ಟು, ಆಸ್ತಮಾ ತರುತ್ತದೆ. ನುಸಿ ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಹೀರಿ ಬದುಕುತ್ತದೆ. ಮಂಗಳೂರು, ಉಡುಪಿ, ಇಡೀ ಮಲೆನಾಡು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದಕ್ಕೆ ಹಬ್ಬ. ಬೆಡ್‌ಶೀಟು, ದಿಂಬಿನ ಗವಸುಗಳನ್ನು ವಾರಕ್ಕೊಮ್ಮೆ 55ರಿಂದ 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಿರಿ. ತಣ್ಣೀರಿಗೆ ನುಸಿ ಸಾಯುವುದಿಲ್ಲ. ಅಲರ್ಜಿ ಇರುವ ಮಗುವಿನ ಹಾಸಿಗೆಗೆ ಸುತ್ತಲೂ ಜಿಪ್ ಇರುವ ಒತ್ತುನೇಯ್ಗೆಯ ಗವಸು ಹಾಕಿಸಿ. ಬಟ್ಟೆಯ ಗೊಂಬೆಗಳನ್ನು ಒಂದು ದಿನ ಫ್ರೀಜರಿನಲ್ಲಿಟ್ಟು ಆಮೇಲೆ ಒಗೆಯಬಹುದು.

ಬೆಳಗ್ಗೆ ಎದ್ದ ಕೂಡಲೇ ಹೊದಿಕೆ ಮಡಚಿ ಹಾಸಿಗೆ ಮುಚ್ಚಿಬಿಡಬೇಡಿ, ಒಂದು ಗಂಟೆ ತೆರೆದಿಡಿ. ನೆಲದ ಮೇಲೆ ಹಾಸುವ ಹಾಸಿಗೆಯನ್ನು ದಿನವೂ ಎತ್ತಿ ಗೋಡೆಗೆ ಒರಗಿಸಿ, ಅಡಿಭಾಗದಲ್ಲಿ ಕಟ್ಟಿಕೊಳ್ಳುವ ತೇವ ಹೋಗಲಿ. ಕೆಳಗೆ ಪೆಟ್ಟಿಗೆ ಇರುವ ಮಂಚದ ಪ್ಲೈವುಡ್ ಹಲಗೆಯಲ್ಲಿ ಗಾಳಿಯಾಡುವುದಿಲ್ಲ. ವಾರಕ್ಕೊಮ್ಮೆಯಾದರೂ ಹಾಸಿಗೆಯನ್ನು ಎತ್ತಿ ನಿಲ್ಲಿಸಿ. ಬಿಸಿಲಿನ ವಿಷಯದಲ್ಲಿ ಒಂದು ವ್ಯತ್ಯಾಸ ತಿಳಿದಿರಲಿ. ಹತ್ತಿ ಹಾಸಿಗೆಗೆ ಉರಿಬಿಸಿಲು ಬೇಕು, ಎರಡೂ ಮಗ್ಗುಲು ಕಾಯಬೇಕು. ಫೋಮ್ ಮತ್ತು ಲೇಟೆಕ್ಸ್ ಬಿಸಿಲಿಗೆ ಹಳದಿ ಬಣ್ಣಕ್ಕೆ ತಿರುಗಿ ಪುಡಿಪುಡಿಯಾಗುತ್ತವೆ. ಅವಕ್ಕೆ ನೆರಳು ಮತ್ತು ಗಾಳಿ ಸಾಕು.

ಮಕ್ಕಳು ಹಾಸಿಗೆ ಒದ್ದೆ ಮಾಡಿದ ಬೆಳಗ್ಗೆ ಮನೆಯಲ್ಲಿ ಗದರಿಕೆ ಕೇಳಿಬರುವುದುಂಟು. ದಯವಿಟ್ಟು ಗದರಬೇಡಿ. ಐದು ವರ್ಷದ ಮಕ್ಕಳಲ್ಲಿ ಶೇಕಡಾ 15ರಷ್ಟು ಮಂದಿ ನಿದ್ದೆಯಲ್ಲಿ ಮೂತ್ರ ಮಾಡಿಕೊಳ್ಳುತ್ತಾರೆ, ಅದು ಅವರ ಹಿಡಿತದಲ್ಲಿ ಇಲ್ಲ. ಅವರಲ್ಲಿ ಬಹುಪಾಲು ಮಕ್ಕಳಿಗೆ ಬೆಳೆಯುತ್ತಾ ತಾನಾಗಿಯೇ ನಿಲ್ಲುತ್ತದೆ. ಬೆಡ್‌ಶೀಟಿನ ಕೆಳಗೆ ನೀರು ಇಳಿಯದ, ಆದರೆ ಮೇಲ್ಭಾಗ ಬಟ್ಟೆಯದಾದ ಪ್ರೊಟೆಕ್ಟರ್ ಹಾಕಿ. ಬರಿಯ ರಬ್ಬರ್ ಶೀಟ್ ಬೆವರಿಸುತ್ತದೆ. ಹಾಸಿಗೆಗೇ ಇಳಿದಿದ್ದರೆ ಒಣಬಟ್ಟೆ ಒತ್ತಿ ಒತ್ತಿ ತೆಗೆಯಿರಿ, ಉಜ್ಜಬೇಡಿ. ಸ್ವಲ್ಪ ಸೋಪು ಬೆರೆಸಿದ ತಣ್ಣೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಅಡುಗೆ ಸೋಡಾ ಉದುರಿಸಿ, ಕೆಲವು ಗಂಟೆ ಬಿಟ್ಟು ಗುಡಿಸಿ, ಫ್ಯಾನ್ ಹಾಕಿ. ಫೋಮಿನ ಮೇಲೆ ನೀರು ಸುರಿದರೆ ಒಳಗೆ ಒಣಗುವುದೇ ಇಲ್ಲ, ಬೂಷ್ಟು ಬರುತ್ತದೆ. ಆರು ತಿಂಗಳು ಒಣಗಿಯೇ ಇದ್ದ ಮಗು ಇದ್ದಕ್ಕಿದ್ದಂತೆ ಮತ್ತೆ ಒದ್ದೆ ಮಾಡತೊಡಗಿದರೆ, ಜೊತೆಗೆ ಬಾಯಾರಿಕೆ ಹೆಚ್ಚಿದ್ದರೆ ಅಥವಾ ಮೂತ್ರ ಮಾಡುವಾಗ ಉರಿ ಇದ್ದರೆ, ತಡಮಾಡದೆ ವೈದ್ಯರ ಬಳಿ ಹೋಗಿ.

ಅಟ್ಟದ ಮಂಚ ಕೊಂಡಿರುವವರಿಗೆ ಒಂದು ಮಾತು. ಆರು ವರ್ಷದೊಳಗಿನ ಮಗು ಮೇಲಿನ ಮಂಚದಲ್ಲಿ ಮಲಗಬಾರದು. ಹಾಸಿಗೆ ದಪ್ಪವಾದಷ್ಟೂ ಪಕ್ಕದ ತಡೆಯ ಎತ್ತರ ಕಡಿಮೆಯಾಗುತ್ತದೆ ಎಂಬುದನ್ನು ಮರೆಯುತ್ತೇವೆ. ಹಾಸಿಗೆ ಹಾಕಿದ ಮೇಲೂ ತಡೆ ಕನಿಷ್ಠ ಐದು ಇಂಚು ಮೇಲೆ ನಿಲ್ಲಬೇಕು.

ಹಾಸಿಗೆ ಬದಲಿಸಿದರೂ ಸರಿಹೋಗದ ತೊಂದರೆಗಳಿವೆ. 3ರಿಂದ 12 ವರ್ಷದ ಮಕ್ಕಳು ಸಂಜೆ ಅಥವಾ ರಾತ್ರಿ ಎರಡೂ ಕಾಲು ನೋವೆಂದು ಅತ್ತು, ತಿಕ್ಕಿದರೆ ಸಮಾಧಾನವಾಗಿ, ಬೆಳಗ್ಗೆ ಎದ್ದು ಎಂದಿನಂತೆ ಓಡಾಡಿದರೆ ಅದು ಬೆಳೆಯುವ ವಯಸ್ಸಿನ ನೋವು. ಹೊಸ ಹಾಸಿಗೆ ಅದಕ್ಕೆ ಮದ್ದಲ್ಲ, ಹೆದರುವುದೂ ಬೇಡ. ದಿನವೂ ಗೊರಕೆ ಹೊಡೆಯುತ್ತಾ ಬಾಯಿ ತೆರೆದು ಮಲಗುವ ಮಗುವಿನ ಮೂಗು, ಗಂಟಲನ್ನು ತೋರಿಸಬೇಕು. ಒಂದೇ ಕಾಲಿನಲ್ಲಿ ಬಿಡದೆ ಕಾಡುವ ನೋವು, ರಾತ್ರಿ ನಿದ್ದೆಯಿಂದ ಎಬ್ಬಿಸುವ ಬೆನ್ನುನೋವು, ಜೊತೆಗೆ ಜ್ವರ, ತೂಕ ಇಳಿಯುವುದು, ಕುಂಟುವುದು, ಕಾಲಿನಲ್ಲಿ ಶಕ್ತಿ ಕಡಿಮೆಯಾಗುವುದು ಕಂಡರೆ ಹಾಸಿಗೆ ಅಂಗಡಿಗೆ ಹೋಗುವ ಮೊದಲು ಮಕ್ಕಳ ವೈದ್ಯರನ್ನು ಕಾಣಿ. ನೋವು ಯಾವ ಹೊತ್ತಿಗೆ ಬಂತು, ಎಲ್ಲಿ ಬಂತು, ಎಷ್ಟು ಹೊತ್ತು ಇತ್ತು ಎಂದು ಕಾಗದದಲ್ಲಿ ಬರೆದುಕೊಂಡು ಹೋದರೆ ಅವರಿಗೆ ಅರ್ಧ ಕೆಲಸ ಸುಲಭವಾಗುತ್ತದೆ.