ರೋಗಿಯ ಗುಟ್ಟನ್ನು ಕಾಯುವದು

ರೋಗಿಯ ಮೈಯನ್ನು ಶುಚಿಮಾಡುವದೂ ವೇಳೆಗೆ ಸರಿಯಾಗಿ ಔಷಧವನ್ನು ಕೊಡುವದೂ ದಾದಿಯ ಕೆಲಸವೆಂದು ನಾವೆಲ್ಲರೂ ಬಲ್ಲೆವು. ರೋಗಿಯ ಗುಟ್ಟನ್ನು ಕಾಯುವದು ಸಹ ಆಕೆಯ ಕೆಲಸವೇ ಎಂಬದನ್ನಾದರೋ ಮರೆಯುತ್ತೇವೆ.

ಇದು ಹೊಸ ಮಾತಲ್ಲ. 1893ರಲ್ಲಿ ಅಮೇರಿಕಾ ದೇಶದ ಡೆಟ್ರಾಯಿಟ್ ಪಟ್ಟಣದಲ್ಲಿ ದಾದಿಯರಿಗೋಸ್ಕರ ಒಂದು ಪ್ರತಿಜ್ಞೆಯು ರಚಿಸಲ್ಪಟ್ಟು, ಫ್ಲಾರೆನ್ಸ್ ನೈಟಿಂಗೇಲ್ ಅಮ್ಮನವರ ಹೆಸರಿನಿಂದ ಕರೆಯಲ್ಪಟ್ಟಿತು. ಕೆಲಸದಲ್ಲಿ ತಿಳಿದುಬಂದ ಮನೆಯ ಸಂಗತಿಗಳನ್ನು ಹೊರಗೆ ಹೇಳೆನೆಂಬದು ಅದರ ಅಂಶಗಳಲ್ಲೊಂದು.

ಗುಟ್ಟು ಬಯಲಾದರೆ ಆಗುವ ಕೇಡೇನು? ಕ್ಷಯರೋಗವುಳ್ಳ ಒಬ್ಬ ಹುಡುಗಿಯನ್ನು ನೆನಸಿರಿ. ದಾದಿಯು ಬಾವಿಕಟ್ಟೆಯಲ್ಲಿ ಒಂದು ಮಾತನ್ನಾಡಿದರೆ ಸಾಯಂಕಾಲದೊಳಗೆ ಊರೆಲ್ಲಾ ತಿಳಿಯುವದು. ಮದುವೆಯ ಮಾತು ಮುರಿಯುವದು. ಇದನ್ನು ಕಂಡ ನೆರೆಯವಳು ತನಗೆ ಕೆಮ್ಮು ಬಂದಾಗ ಆಸ್ಪತ್ರೆಗೆ ಹೋಗದೆ ಮರೆಮಾಡುವಳು. ರೋಗವು ಆಕೆಯ ಮಕ್ಕಳಿಗೂ ಹರಡೀತು.

ಹಾಗಾದರೆ ದಾದಿಯು ಯಾರಿಗೂ ಹೇಳಬಾರದೋ? ಹಾಗಲ್ಲ. ಚಿಕಿತ್ಸೆಮಾಡುವ ವೈದ್ಯರಿಗೆ ಹೇಳತಕ್ಕದ್ದು. ಕ್ಷಯರೋಗಿಗಳ ವಿವರವನ್ನು ಆಸ್ಪತ್ರೆಗಳು ಸರಕಾರದ ಆರೋಗ್ಯಾಧಿಕಾರಿಗಳಿಗೆ ತಿಳಿಸಬೇಕೆಂದು ನಮ್ಮ ದೇಶದಲ್ಲಿ 2012ರಲ್ಲಿ ಆಜ್ಞೆಯಾಯಿತು. ಎಚ್.ಐ.ವಿ. ಸೋಂಕನ್ನು ಕುರಿತ 2017ರ ಕಾನೂನಾದರೋ, ಕೆಲವು ಸಂದರ್ಭಗಳನ್ನು ಬಿಟ್ಟು, ರೋಗಿಯ ಒಪ್ಪಿಗೆಯಿಲ್ಲದೆ ಅದನ್ನು ಪ್ರಕಟಿಸಬಾರದೆಂದು ವಿಧಿಸುತ್ತದೆ.

ಆದಕಾರಣ ದಾದಿಯು ಬಾಯಿ ತೆರೆಯುವ ಮುಂಚೆ ಕೇಳಿಕೊಳ್ಳತಕ್ಕದ್ದೇನಂದರೆ: ಈ ಮಾತು ರೋಗಿಯ ಗುಣಕ್ಕಾಗಿಯೋ, ಕಾನೂನಿಗಾಗಿಯೋ, ಇಲ್ಲವೆ ನಾಲಿಗೆಯ ಚಪಲಕ್ಕಾಗಿಯೋ? ನಾವು ಸಹ ಆಕೆಯನ್ನು ದಾರಿಯಲ್ಲಿ ನಿಲ್ಲಿಸಿ, “ಆ ಮನೆಯವಳಿಗೆ ಏನು ರೋಗವಮ್ಮಾ?” ಎಂದು ಕೇಳದೆ ಇರೋಣ. ಕೇಳುವವರಿಲ್ಲದಿದ್ದರೆ ಹೇಳುವವರೂ ಇರುವದಿಲ್ಲ.