ಮಗಳ ವಿದ್ಯಾಭ್ಯಾಸದಲ್ಲಿ ಮನೆಯವರ ಪಾಲು

ಮಗಳನ್ನು ಪಾಠಶಾಲೆಗೆ ಸೇರಿಸಿ, ಫೀಜು ಕೊಟ್ಟು, ಪುಸ್ತಕಗಳನ್ನು ಕೊಂಡುಕೊಟ್ಟ ಮೇಲೆ ತಮ್ಮ ಕೆಲಸವು ತೀರಿತೆಂದು ಅನೇಕ ತಾಯಿತಂದೆಗಳು ಭಾವಿಸುವದುಂಟು. ಇನ್ನು ಕೆಲವರು, “ನಾವು ಹೆಚ್ಚು ಓದಿದವರಲ್ಲ, ಮಗಳ ಗಣಿತವಾಗಲಿ ಇಂಗ್ಲೀಷಾಗಲಿ ನಮಗೆ ತಿಳಿಯದು, ನಾವೇನು ಸಹಾಯ ಮಾಡಬಲ್ಲೆವು?” ಎಂದು ಹಿಂಜರಿಯುತ್ತಾರೆ. ಈ ಎರಡು ಭಾವನೆಗಳೂ ಸರಿಯಾದವುಗಳಲ್ಲವೆಂದು ತೋರಿಸುವದೇ ಈ ಲೇಖನದ ಉದ್ದೇಶವು. ದಿನದ ೨೪ ತಾಸುಗಳಲ್ಲಿ ಪಾಠಶಾಲೆಯ ಪಾಲಿಗೆ ಬರುವವು ಆರೇಳು ತಾಸುಗಳು ಮಾತ್ರ. ಉಳಿದವುಗಳೆಲ್ಲ ಮನೆಯ ವಶದಲ್ಲಿರುತ್ತವೆ. ಪಾಠ ಹೇಳುವದು ಉಪಾಧ್ಯಾಯಿನಿಯ ಕೆಲಸವು. ಕಲಿತದ್ದು ನೆಲೆಗೊಳ್ಳುವದಕ್ಕೆ ಬೇಕಾದ ಸಮಯ, ಕೇಳುವ ಕಿವಿ, ಧೈರ್ಯದ ಮಾತು, ಈ ಮೂರನ್ನು ಕೊಡುವದು ಮನೆಯವರ ಕೆಲಸವು. ಇವುಗಳನ್ನು ಕೊಡಲು ಯಾವ ಪದವಿಯೂ ಬೇಕಾಗಿಲ್ಲ.

೧. ಓದಿಗೆ ಸಮಯ

ಶಾಲೆಯಿಂದ ಬಂದೊಡನೆ ಹುಡುಗನು ಆಟಕ್ಕೋ ಪುಸ್ತಕಕ್ಕೋ ಹೋಗುವನು. ಹುಡುಗಿಯಾದರೋ ನೀರು ತುಂಬುವದು, ಪಾತ್ರೆ ತೊಳೆಯುವದು, ತಮ್ಮತಂಗಿಯರನ್ನು ನೋಡಿಕೊಳ್ಳುವದು, ಇವುಗಳಲ್ಲಿ ತೊಡಗುವಳು. ಎಲ್ಲಾ ಮುಗಿಸಿ ಪುಸ್ತಕ ತೆರೆಯುವಷ್ಟರಲ್ಲಿ ಅವಳಿಗೆ ತೂಕಡಿಕೆ ಹತ್ತುವದು. ಭಾರತ ಸರಕಾರದವರು ೨೦೧೯ರಲ್ಲಿ ಆರು ವರುಷಕ್ಕೆ ಮೇಲ್ಪಟ್ಟವರ ದಿನಚರಿಯನ್ನು ಕುರಿತು ಒಂದು ಸಮೀಕ್ಷೆಯನ್ನು ನಡೆಸಿದರು. ಸಂಬಳವಿಲ್ಲದ ಮನೆಗೆಲಸ ಮಾಡುವವರೊಳಗೆ ಸ್ತ್ರೀಯರು ದಿನಕ್ಕೆ ಸರಾಸರಿ ೨೯೯ ನಿಮಿಷಗಳನ್ನೂ ಪುರುಷರು ೯೭ ನಿಮಿಷಗಳನ್ನೂ ಅದಕ್ಕೆ ಕೊಡುತ್ತಾರೆಂದು ಅದರಲ್ಲಿ ಕಂಡುಬಂತು. ಈ ಲೆಕ್ಕದಲ್ಲಿ ದೊಡ್ಡವರೂ ಸೇರಿರುವದು ನಿಜ. ಆದರೆ ಇಂಥ ರೂಢಿಯು ಬೇರೂರುವದು ಬಾಲ್ಯದಲ್ಲಿಯೇ.

ಮನೆಗೆಲಸವನ್ನು ಕಲಿಯುವದು ಒಳ್ಳೇದೇ. ಅದನ್ನು ಮಗನೂ ಕಲಿಯಲಿ. ಆಗ ಮಗಳಿಗೆ ಬಿಡುವು ತಾನಾಗಿ ದೊರೆಯುವದು. ಸಂಜೆ ಒಂದು ಗೊತ್ತಾದ ತಾಸನ್ನು ಅವಳ ಓದಿಗೆಂದು ಮೀಸಲಿಡಿರಿ. ಆ ಹೊತ್ತಿನಲ್ಲಿ ನೆಂಟರು ಬಂದರೂ ಕಾಫಿ ಮಾಡಲು ಅವಳನ್ನು ಎಬ್ಬಿಸಬೇಡಿರಿ. ಒಂದೇ ಕೋಣೆಯ ಮನೆಯಾದರೆ ಟೆಲಿವಿಷನ್ನನ್ನು ನಿಲ್ಲಿಸಿರಿ. ಮೊಬೈಲ್ ಫೋನನ್ನು ಅವಳಿಂದ ಮಾತ್ರವಲ್ಲ, ನಿಮ್ಮ ಕೈಯಿಂದಲೂ ದೂರವಿಡಿರಿ.

೨. ಕೇಳುವ ಕಿವಿ

ಓದುಬರಹ ಬಾರದ ತಾಯಿಯೂ ಮಾಡಬಹುದಾದ ಒಂದು ದೊಡ್ಡ ಸಹಾಯವುಂಟು. ಅಕ್ಕಿ ಆರಿಸುತ್ತಲೋ ತರಕಾರಿ ಹೆಚ್ಚುತ್ತಲೋ ಅವಳು ಮಗಳಿಗೆ, “ಇವತ್ತು ಏನು ಕಲಿತೆ? ಪುಸ್ತಕ ಮುಚ್ಚಿಟ್ಟು ನನಗೆ ಹೇಳು ಮಗಳೇ” ಎನ್ನಲಿ. ಇದರ ಪ್ರಯೋಜನವನ್ನು ಪಂಡಿತರು ಪರೀಕ್ಷಿಸಿ ನೋಡಿದ್ದಾರೆ. ಅಮೇರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬವರು ೨೦೦೬ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ವಿದ್ಯಾರ್ಥಿಗಳು ಒಂದು ಪಾಠವನ್ನು ತಿರಿತಿರಿಗಿ ಓದಿದರು. ಬೇರೆ ಕೆಲವರು ಓದಿದ ಮೇಲೆ ಅದನ್ನು ನೋಡದೆ ನೆನಪಿನಿಂದ ಬರೆದರು. ಐದು ನಿಮಿಷಗಳ ತರುವಾಯ ಪರೀಕ್ಷಿಸಿದಾಗ ತಿರಿಗಿ ಓದಿದವರೇ ಮುಂದಾಗಿದ್ದರು. ಒಂದು ವಾರ ಕಳೆದ ಮೇಲಾದರೋ ನೆನಪಿನಿಂದ ಬರೆದವರೇ ಹೆಚ್ಚನ್ನು ಉಳಿಸಿಕೊಂಡಿದ್ದರು.

ಒಂದು ದೃಷ್ಟಾಂತವನ್ನು ನೋಡೋಣ. ಮಗಳು ಮುಂಗಾರಿನ ಪಾಠವನ್ನು ಕಲಿತು ಬಂದಿದ್ದಾಳೆ. ಮೃಗಶಿರೆ, ಆರಿದ್ರೆ ಮಳೆಗಳ ಗುಣವನ್ನು ಬಲ್ಲ ತಾಯಿಯು, “ಕರಾವಳಿಯಲ್ಲಿ ಅಷ್ಟು ಮಳೆ ಸುರಿಯುವಾಗ ವಿಜಯಪುರದ ಕಡೆಗೆ ಏಕೆ ಕಡಿಮೆ?” ಎಂದು ಕೇಳುತ್ತಾಳೆ. ಅರಬ್ಬೀ ಸಮುದ್ರದಿಂದ ಬರುವ ಗಾಳಿಯು ಸಹ್ಯಾದ್ರಿಗೆ ತಗಲಿ ಮೇಲೇರಿ ತಂಪಾಗುವದು, ಅದರೊಳಗಿನ ಆವಿಯು ಬಹುಮಟ್ಟಿಗೆ ಘಟ್ಟದ ಪಡುವಣ ಕಡೆಯಲ್ಲಿಯೇ ಮಳೆಯಾಗಿ ಬೀಳುವದು, ಘಟ್ಟ ದಾಟಿದ ಗಾಳಿಯಲ್ಲಿ ನೀರು ಕಡಿಮೆಯಾಗಿರುವದು ಎಂದು ಮಗಳು ವಿವರಿಸಬೇಕು. ನಡುವೆ ತಡವರಿಸಿದರೆ ಗದರಬೇಡಿರಿ. ತಡವರಿಸಿದ ಸ್ಥಳವೇ ತಿರಿಗಿ ಓದಬೇಕಾದ ಸ್ಥಳವೆಂದು ಅವಳಿಗೇ ತಿಳಿಯುವದು.

೩. ದಿನದಿನದ ಓದು, ಸಾಕಷ್ಟು ನಿದ್ರೆ

ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸನು ಅರ್ಥವಿಲ್ಲದ ಅಕ್ಷರಜೋಡಣೆಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿನಲ್ಲಿ ಎಷ್ಟು ಮರೆತುಹೋಗುವದೆಂದು ಅಳೆದು, ೧೮೮೫ರಲ್ಲಿ ಪ್ರಕಟಿಸಿದನು. ಮರೆವು ಮೊದಲಿನ ಕೆಲವು ತಾಸುಗಳಲ್ಲಿ ಅತಿ ವೇಗವಾಗಿಯೂ ಬಳಿಕ ನಿಧಾನವಾಗಿಯೂ ನಡೆಯುವದೆಂದೂ, ಒಂದೇ ದಿನದಲ್ಲಿ ಹಲವು ಸಾರಿ ಓದುವದಕ್ಕಿಂತ ಹಲವು ದಿನಗಳಲ್ಲಿ ಹಂಚಿ ಓದುವದು ಮೇಲೆಂದೂ ಅವನು ಕಂಡುಕೊಂಡನು. ಆದಕಾರಣ ಪರೀಕ್ಷೆಯ ಹಿಂದಿನ ರಾತ್ರಿ ಬೆಳಗಿನ ವರೆಗೆ ಓದಿಸುವದಕ್ಕಿಂತ ವರುಷವಿಡೀ ದಿನಕ್ಕೊಂದು ತಾಸು ಓದಿಸುವದು ಲೇಸು. ನಿದ್ರೆಗೆಡುವದರಿಂದ ಕಲಿತದ್ದೂ ಕೆಡುವದು. ೧೩ರಿಂದ ೧೮ ವರುಷದ ಮಕ್ಕಳಿಗೆ ದಿನಕ್ಕೆ ಎಂಟರಿಂದ ಹತ್ತು ತಾಸುಗಳ ನಿದ್ರೆ ಬೇಕೆಂದು ಅಮೇರಿಕದ ನಿದ್ರಾವೈದ್ಯರ ಸಂಸ್ಥೆಯು ೨೦೧೬ರಲ್ಲಿ ತಿಳಿಸಿತು.

೪. ಹೊಗಳಿಕೆಯೂ ಗದರಿಕೆಯೂ

“ನೀನು ಬಹಳ ಜಾಣೆ” ಎಂದು ಹೊಗಳುವದು ನಿರಪಾಯವೆಂದು ತೋರುವದು. ಆದರೆ ಮುಲ್ಲರ್ ಮತ್ತು ಡ್ವೆಕ್ ಎಂಬ ವಿದುಷಿಯರು ೧೯೯೮ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಬುದ್ಧಿಗಾಗಿ ಹೊಗಳಿಸಿಕೊಂಡ ಮಕ್ಕಳು ಕಠಿಣವಾದ ಸಮಸ್ಯೆಗಳಲ್ಲಿ ಸೋತ ಬಳಿಕ ಬೇಗ ಕೈಬಿಟ್ಟರು. ಶ್ರಮಕ್ಕಾಗಿ ಹೊಗಳಿಸಿಕೊಂಡವರು ಸೋತರೂ ಪ್ರಯತ್ನವನ್ನು ಬಿಡಲಿಲ್ಲ. ಆದಕಾರಣ “ಈ ಲೆಕ್ಕವನ್ನು ಮೂರು ಸಾರಿ ಮಾಡಿ ನೋಡಿದೆಯಲ್ಲಾ, ಒಳ್ಳೇದು” ಎನ್ನಿರಿ. ಅಂಕಗಳು ಕಡಿಮೆಯಾದಾಗ ನೆರೆಮನೆಯ ಹುಡುಗಿಯೊಡನೆ ಹೋಲಿಸಿ ಹೀಯಾಳಿಸಬೇಡಿರಿ. ಹೋಲಿಸಲೇಬೇಕಾದರೆ ಮಗಳ ಈ ತಿಂಗಳ ಕೆಲಸವನ್ನು ಅವಳ ಹಿಂದಿನ ತಿಂಗಳ ಕೆಲಸದೊಡನೆ ಹೋಲಿಸಿರಿ.

೫. ಉಪಾಧ್ಯಾಯಿನಿಯರೊಡನೆ ಮಾತುಕತೆ

ದೂರು ಬಂದಾಗ ಮಾತ್ರ ಶಾಲೆಯ ಮೆಟ್ಟಲು ಹತ್ತುವ ತಾಯಿತಂದೆಗಳು ಬಹಳ. ತಾಯಿತಂದೆಗಳನ್ನು ಆಗಾಗ್ಗೆ ಕೂಡಿಸಿ, ಮಗುವಿನ ಹಾಜರಿ, ಕಲಿಯುವ ಶಕ್ತಿ, ಪ್ರಗತಿ ಇವುಗಳನ್ನು ತಿಳಿಸುವದು ಉಪಾಧ್ಯಾಯರ ಕರ್ತವ್ಯವೆಂದು ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆಯೇ ಹೇಳುತ್ತದೆ. ಹೇಳುವವರಿರುವಾಗ ಕೇಳುವವರೂ ಬರಬೇಕಲ್ಲವೇ? ಬಂದಾಗ ಅಂಕಗಳನ್ನು ಮಾತ್ರ ವಿಚಾರಿಸಿ ಹಿಂದಿರುಗಬೇಡಿರಿ. ಮಗಳು ತರಗತಿಯಲ್ಲಿ ಪ್ರಶ್ನೆ ಕೇಳುವಳೋ, ಕರಿಹಲಗೆಯ ಬರಹವು ಅವಳಿಗೆ ಚೆನ್ನಾಗಿ ಕಾಣುವದೋ, ಯಾವ ವಿಷಯಕ್ಕೆ ಅಂಜುವಳೋ ಕೇಳಿರಿ. ದಡ್ಡಿಯೆಂದು ಹೆಸರಾದ ಹುಡುಗಿಗೆ ಬೇಕಾದದ್ದು ಒಂದು ಕನ್ನಡಕ ಮಾತ್ರವಾಗಿರಬಹುದು. ಮನೆಯಲ್ಲಿ ಬೇನೆಯೋ ಕಷ್ಟವೋ ಇದ್ದರೆ ಅದನ್ನು ಉಪಾಧ್ಯಾಯಿನಿಗೆ ತಿಳಿಸಿರಿ.

೬. ನಡುವೆ ನಿಲ್ಲಿಸಬೇಡಿರಿ

ಮೇಲೆ ಹೇಳಿದ್ದೆಲ್ಲಾ ಮಗಳು ಶಾಲೆಯಲ್ಲಿ ಉಳಿದರೆ ಮಾತ್ರ ಫಲಿಸುವದು. ಆರರಿಂದ ಹದಿನಾಲ್ಕು ವರುಷದ ಮಗುವಿಗೆ ವಿದ್ಯೆಯ ಅವಕಾಶವನ್ನು ಒದಗಿಸುವದು ತಾಯಿತಂದೆಗಳ ಮೂಲಭೂತ ಕರ್ತವ್ಯವೆಂದು ೨೦೦೨ರಲ್ಲಿ ಸಂವಿಧಾನಕ್ಕೆ ಮಾಡಿದ ೮೬ನೆಯ ತಿದ್ದುಪಡಿಯು ಸಾರುತ್ತದೆ. ಆದರೆ ಹೈಸ್ಕೂಲಿನ ಓದು ಮುಗಿಯುವದು ಹದಿನಾಲ್ಕು ದಾಟಿದ ಮೇಲೆಯೇ. ಕಾಯಿದೆಯ ಕೈ ಸಡಿಲಾಗುವ ಆ ವಯಸ್ಸಿನಲ್ಲಿಯೇ ಮನೆಯವರ ಕೈ ಬಿಗಿಯಾಗಬೇಕು. ದಾರಿ ದೂರ, ಖರ್ಚು ಹೆಚ್ಚು, ವರನು ಸಿಕ್ಕಿದ್ದಾನೆ ಎಂಬ ಮಾತುಗಳು ಕೇಳಬರುವದು ಆಗಲೇ. ೧೮ ತುಂಬದ ಹುಡುಗಿಗೆ ಮದುವೆ ಮಾಡುವದನ್ನು ೨೦೦೬ರ ಕಾಯಿದೆಯು ನಿಷೇಧಿಸಿದೆ. ಎಸ್.ಎಸ್.ಎಲ್.ಸಿ.ಯಲ್ಲಿ ಒಂದು ಸಾರಿ ತೇರ್ಗಡೆಯಾಗದ್ದರಿಂದ ಓದು ಮುಗಿಯಿತೆಂದೂ ತಿಳಿಯಬೇಡಿರಿ. ೨೦೨೪ರಲ್ಲಿ ಕರ್ನಾಟಕದ ಪರೀಕ್ಷಾ ಮಂಡಲಿಯವರು ಒಂದೇ ವರುಷದಲ್ಲಿ ಮೂರು ಸಾರಿ ಆ ಪರೀಕ್ಷೆಯನ್ನು ನಡೆಸಿದರು. ಸೋತ ಹುಡುಗಿಯನ್ನು ಅಡಿಗೆಮನೆಗೆ ಕಳುಹಿಸದೆ, ಇನ್ನೊಮ್ಮೆ ಕೂಡ್ರುವಂತೆ ಧೈರ್ಯ ಹೇಳಿರಿ.

ಈ ಶಾಲೆಯಲ್ಲಿ ಕಲಿತು ಈಗ ತಾಯಂದಿರಾಗಿರುವ ಸೋದರಿಯರೇ, ನಿಮ್ಮ ಓದಿಗಾಗಿ ಮನೆಯಲ್ಲಿ ಯಾರು ಬಿಡುವು ಮಾಡಿಕೊಟ್ಟರೆಂಬದು ನಿಮಗೆ ನೆನಪಿರಬಹುದು. ಆ ಉಪಕಾರವನ್ನು ನಿಮ್ಮ ಮಗಳಿಗೆ ಸಲ್ಲಿಸಿರಿ. ನಿಮ್ಮ ಓಣಿಯಲ್ಲಿ, ಮನೆಯಲ್ಲಿ ಕೇಳುವವರಿಲ್ಲದ ಹುಡುಗಿ ಒಬ್ಬಳಿದ್ದರೆ ಅವಳನ್ನೂ ಸಂಜೆ ಕರೆದು, ಪುಸ್ತಕ ಮುಚ್ಚಿಸಿ, ಅಂದಿನ ಪಾಠವನ್ನು ಹೇಳಿಸಿ ಕೇಳಿರಿ.