ನಡುಹಾದಿಯ ಅಂಕಪಟ್ಟಿಯನ್ನು ಎಷ್ಟು ನಂಬಬಹುದು?

ರಾಬರ್ಟ್‌ಸನ್‌ಪೇಟೆಯಿಂದ ಬೆಂಗಳೂರಿಗೆ ದುಡಿಯಲು ಹೋಗುವವರ ದಿನವು ಹೊತ್ತು ಮೂಡುವ ಮೊದಲೇ ಆರಂಭವಾಗುತ್ತದೆ. ಮಾರಿಕುಪ್ಪದಿಂದ ಹೊರಟ ರೈಲು ಬಂಗಾರಪೇಟೆಯನ್ನು ಮುಟ್ಟುವುದರೊಳಗಾಗಿ ಹಿಂದಿನ ರಾತ್ರಿಯ ಕ್ರಿಕೆಟ್ ಪಂದ್ಯದ ವಿಚಾರಣೆ ಮುಗಿದು, ಅಂಕಪಟ್ಟಿಯ ವಿಚಾರಣೆ ಮೊದಲಾಗಿರುತ್ತದೆ. 2024ರ ಬೇಸಗೆಯಲ್ಲಿ ಈ ರೈಲಿನಲ್ಲಿ ಓಡಾಡುತ್ತಿದ್ದ ನಮ್ಮ ವಿದ್ಯಾರ್ಥಿಯೊಬ್ಬನು, ಪರೀಕ್ಷಾ ಶುಲ್ಕಕ್ಕೆಂದು ತಾಯಿ ಕೊಟ್ಟಿದ್ದ ಹಣವನ್ನು ಗೆಳೆಯರೊಡನೆ ಪಣವಾಗಿ ಒಡ್ಡಿ ಕಳೆದುಕೊಂಡನು. ಅರ್ಧ ಋತುವಿನಲ್ಲಿ ಮೇಲಿರುವ ತಂಡವೇ ಕೊನೆಯಲ್ಲಿಯೂ ಮೇಲಿರುವುದೆಂದು ಅವನು ನಂಬಿದ್ದನು. ಮರುತಿಂಗಳು ನಮ್ಮ ಬಳಿಗೆ ಬಂದು, “ಎಂಟರಲ್ಲಿ ಏಳು ಗೆದ್ದ ತಂಡ ಸಾರ್. ಲೆಕ್ಕ ಎಲ್ಲಿ ತಪ್ಪಿತು?” ಎಂದು ಕೇಳಿದನು. ಶುಲ್ಕದ ಮಾತು ಹೇಗೋ ಬಗೆಹರಿಯಿತು. ಪ್ರಶ್ನೆ ಮಾತ್ರ ಉತ್ತಮವಾದದ್ದು. ಅದಕ್ಕೆ ಉತ್ತರವನ್ನು ಇಲ್ಲಿ ಹುಡುಕೋಣ.

ಮೊದಲು ನಡೆದ ಸಂಗತಿಯನ್ನು ನೆನೆಯೋಣ. ಇಂಡಿಯನ್ ಪ್ರೀಮಿಯರ್ ಲೀಗಿನಲ್ಲಿ 10 ತಂಡಗಳು, ಒಂದೊಂದಕ್ಕೆ 14 ಪಂದ್ಯಗಳು. ಗೆದ್ದರೆ 2 ಅಂಕ. ಮಳೆಯಿಂದ ಪಂದ್ಯ ನಿಂತರೆ ಇಬ್ಬರಿಗೂ ಒಂದೊಂದು. 2024ರ ಏಪ್ರಿಲ್ 22ರ ರಾತ್ರಿ ರಾಜಸ್ಥಾನ ರಾಯಲ್ಸ್ ತಂಡವು 8 ಪಂದ್ಯಗಳಲ್ಲಿ 7ನ್ನು ಗೆದ್ದು ತುದಿಯಲ್ಲಿತ್ತು. ನಮ್ಮ ಬೆಂಗಳೂರು ತಂಡವು ಅಷ್ಟೇ ಪಂದ್ಯಗಳಲ್ಲಿ ಒಂದನ್ನು ಮಾತ್ರ ಗೆದ್ದು ತಳದಲ್ಲಿತ್ತು. ಆ ಏಳು ಸೋಲುಗಳಲ್ಲಿ ಕೊನೆಯದು, ಏಪ್ರಿಲ್ 21ರಂದು ಕಲ್ಕತ್ತೆಯಲ್ಲಿ, ಕೇವಲ ಒಂದು ರನ್ನಿನಿಂದ ಆದುದು.

ಆಮೇಲೆ ಬೆಂಗಳೂರು ತಂಡವು ಉಳಿದ ಆರು ಪಂದ್ಯಗಳನ್ನೂ ಗೆದ್ದಿತು. ರಾಜಸ್ಥಾನವು ಮುಂದಿನ ಒಂದನ್ನು ಗೆದ್ದು, ಅನಂತರ ನಾಲ್ಕನ್ನು ಒಂದೇ ಸಮನೆ ಸೋತಿತು. ಕೊನೆಯದು ಮಳೆಯ ಪಾಲಾಯಿತು. ಕೊನೆಯ ಪಟ್ಟಿಯಲ್ಲಿ ಕೋಲ್ಕತ್ತಾ 20 ಅಂಕಗಳೊಡನೆ ಮೊದಲನೆಯದು. ಹೈದರಾಬಾದು ಮತ್ತು ರಾಜಸ್ಥಾನ 17. ಬೆಂಗಳೂರು, ಚೆನ್ನೈ, ದೆಹಲಿ, ಲಖನೌ ನಾಲ್ಕೂ 14. ಗುಜರಾತು 12, ಪಂಜಾಬು 10, ಮುಂಬಯಿ 8. ಹದಿನಾಲ್ಕರ ನಾಲ್ವರಲ್ಲಿ ಯಾರು ಮೇಲೆ ಎಂಬುದನ್ನು ರನ್ನಿನ ಸರಾಸರಿ ವೇಗ ತೀರ್ಮಾನಿಸಿತು. ಮೇ 18ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಬೆಂಗಳೂರು 218 ರನ್ ಮಾಡಿತು. ಚೆನ್ನೈಗೆ ಗೆಲುವು ಬೇಕಾಗಿರಲಿಲ್ಲ, 201 ರನ್ ಸಾಕಾಗಿತ್ತು; ಕೊನೆಯ ಓವರಿನಲ್ಲಿ ಬೇಕಿದ್ದುದು 17. ಮೊದಲ ಚೆಂಡೇ ಸಿಕ್ಸರ್ ಆಯಿತು. ಆದರೂ ಆ ಓವರಿನಲ್ಲಿ ಬಂದುದು 7 ರನ್ ಮಾತ್ರ.

ಈಗ ಕ್ರಿಕೆಟ್ಟನ್ನು ಬದಿಗಿಟ್ಟು ನಾಣ್ಯವನ್ನು ಕೈಗೆತ್ತಿಕೊಳ್ಳೋಣ. ಹತ್ತು ತಂಡಗಳೂ ಬಲದಲ್ಲಿ ಸರಿಸಮಾನವೆಂದೂ, ಪ್ರತಿ ಪಂದ್ಯವನ್ನೂ ನಾಣ್ಯ ಚಿಮ್ಮಿಯೇ ತೀರ್ಮಾನಿಸುವರೆಂದೂ ಭಾವಿಸಿರಿ. 8 ಪಂದ್ಯಗಳ ಫಲಿತಾಂಶವು 256 ಬಗೆಗಳಲ್ಲಿ ಬರಬಹುದು. ಅವುಗಳಲ್ಲಿ ಏಳು ಅಥವಾ ಎಂಟು ಗೆಲುವು ಬರುವ ಬಗೆಗಳು 9. ಒಂದೇ ಗೆಲುವು ಅಥವಾ ಅದೂ ಇಲ್ಲದ ಬಗೆಗಳು ಇನ್ನು 9. ಒಟ್ಟು 18, ಎಂದರೆ ಒಂದು ತಂಡಕ್ಕೆ ನೂರರಲ್ಲಿ ಏಳು. ಇದು ಅಲ್ಪವೆಂದು ತೋರುತ್ತದೆ. ಆದರೆ ತಂಡಗಳು ಹತ್ತು ಇವೆಯಲ್ಲ! ಹತ್ತರಲ್ಲಿ ಯಾವುದಾದರೊಂದು ಈ ತುದಿಗೋ ಆ ತುದಿಗೋ ಬೀಳುವ ಸಂಭಾವ್ಯತೆ ಸುಮಾರು ಅರ್ಧ. ಆದುದರಿಂದ ಬುದ್ಧಿಯೂ ಬಲವೂ ಇಲ್ಲದ ನಾಣ್ಯಗಳ ಲೀಗಿನಲ್ಲಿಯೂ, ಎರಡು ಋತುಗಳಿಗೊಮ್ಮೆ, ನಡುಹಾದಿಯಲ್ಲಿ ಒಬ್ಬ ವೀರನೋ ಒಬ್ಬ ಹೇಡಿಯೋ ಕಾಣಿಸಿಕೊಳ್ಳುತ್ತಾನೆ. ಪತ್ರಿಕೆಗಳು ಅವರ ಗುಣದೋಷಗಳನ್ನು ವಿವರಿಸುವುದೂ ತಪ್ಪದು.

ಹಾಗಾದರೆ ತಂಡಗಳಲ್ಲಿ ಬಲಾಬಲವೇ ಇಲ್ಲವೆ? 2024ರ ಕೊನೆಯ ಪಟ್ಟಿಯನ್ನೇ ಅಳೆದು ನೋಡೋಣ. ಸರಾಸರಿ 14 ಅಂಕ. ಪ್ರತಿ ತಂಡವೂ ಸರಾಸರಿಯಿಂದ ದೂರವಿರುವ ಅಂಕವನ್ನು ವರ್ಗ ಮಾಡಿ ಕೂಡಿದರೆ 36, 9, 9, 4, 16, 36 ಸೇರಿ 110 ಆಗುತ್ತದೆ. ಹತ್ತು ತಂಡಗಳಿಗೆ ಹಂಚಿದರೆ 11. ಇನ್ನು ನಾಣ್ಯದ ಲೀಗು. ಅಲ್ಲಿ ಪ್ರತಿ ಪಂದ್ಯವೂ ಸರಾಸರಿಯಾದ ಒಂದು ಅಂಕದಿಂದ ಒಂದು ಮೇಲಕ್ಕೋ ಕೆಳಕ್ಕೋ ಒಯ್ಯುತ್ತದೆ, ವರ್ಗ 1. ಹದಿನಾಲ್ಕು ಪಂದ್ಯಗಳಿಗೆ 14. ಮಳೆಯಿಂದ ನಿಂತ 3 ಪಂದ್ಯಗಳನ್ನು ಕಳೆದರೆ 13.4. ನಿಜವಾದ ಪಟ್ಟಿಯ ಹರವು 11, ನಾಣ್ಯಗಳದು 13.4! ಕೋಟಿಗಟ್ಟಲೆ ಹಣ ಸುರಿದು ಕಟ್ಟಿದ ತಂಡಗಳ ಅಂಕಪಟ್ಟಿ ನಾಣ್ಯಗಳ ಪಟ್ಟಿಗಿಂತ ಹೆಚ್ಚು ಚೆದರಿಲ್ಲ. ಈ ಲೆಕ್ಕವನ್ನು ಮೊದಲ ಸಲ ಮಾಡಿದಾಗ ನಾವೇ ನಂಬದೆ ಮತ್ತೊಮ್ಮೆ ಕೂಡಿ ನೋಡಿದೆವು.

ಇದರಿಂದ ತಂಡಗಳೆಲ್ಲ ಸಮಾನವೆಂದು ಸಿದ್ಧವಾಗುವುದಿಲ್ಲ; ಹತ್ತು ತಂಡಗಳ ಒಂದು ಋತುವು ಅಂತಹ ತೀರ್ಪಿಗೆ ಸಾಲದು. ಬಲದ ವ್ಯತ್ಯಾಸವು ಅದೃಷ್ಟದ ಏರಿಳಿತದಲ್ಲಿ ಮುಳುಗಿಹೋಗುವಷ್ಟು ಚಿಕ್ಕದೆಂದು ಮಾತ್ರ ಹೇಳಬಹುದು. ಎಲ್ಲ ಕ್ರಿಕೆಟ್ಟೂ ಹೀಗಲ್ಲ. ಬೊಂಬಾಯಿ ತಂಡವು 1958–59ರಿಂದ 1972–73ರವರೆಗೆ ರಣಜಿ ಟ್ರೋಫಿಯನ್ನು 15 ವರ್ಷ ಎಡೆಬಿಡದೆ ಗೆದ್ದಿತು. ಅಂತಿಮ ಪಂದ್ಯಗಳನ್ನಷ್ಟೇ ನಾಣ್ಯಕ್ಕೆ ಬಿಟ್ಟರೂ ಇದು 32,768ರಲ್ಲಿ ಒಂದು ಸಲ ಆಗತಕ್ಕ ಮಾತು. ಅದು ಬಲವೇ ಹೊರತು ಬೇರೆಯಲ್ಲ. ಇಪ್ಪತ್ತು ಓವರುಗಳ ಆಟಕ್ಕೂ ಹಲವು ದಿನಗಳ ಆಟಕ್ಕೂ ಇರುವ ಅಂತರವನ್ನು ಇಲ್ಲಿ ಗಮನಿಸಬೇಕು: ಚೆಂಡುಗಳು ಹೆಚ್ಚಿದಷ್ಟೂ ಅದೃಷ್ಟ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ಆದರೂ ಪೂರ್ತಿಯಾಗಿ ಅಲ್ಲ. 1974ರಲ್ಲಿ ಬೆಂಗಳೂರಿನ ಸೆಮಿಫೈನಲ್ಲಿನಲ್ಲಿ ವಿಶ್ವನಾಥ್ ಮತ್ತು ಬ್ರಿಜೇಶ್ ಪಟೇಲರ ಶತಕಗಳು, ಪ್ರಸನ್ನರ ಬೌಲಿಂಗು ಕರ್ನಾಟಕವನ್ನು ಗೆಲ್ಲಿಸಿದವು, ನಿಜ. ಬೊಂಬಾಯಿಯ ವಾಡೇಕರ್ ಕಾಲು ಜಾರಿ ರನೌಟಾದದ್ದೂ ಸೇರಿಕೊಂಡಿತ್ತು.

ನಮ್ಮ ಊರಿನವರಿಗೆ ಈ ವಿಷಯ ಹೊಸದಾಗಬಾರದು. ಗಣಿಯೊಳಗೆ ಚಿನ್ನದ ಎಳೆಯಿಂದ ಅಲ್ಲಲ್ಲಿ ಕಲ್ಲಿನ ಚೂರುಗಳನ್ನು ಕೆತ್ತಿ, ಪುಡಿಮಾಡಿ, ಚಿನ್ನದ ಅಂಶವನ್ನು ಅಳೆದು, ಆ ಭಾಗವನ್ನು ಅಗೆಯಬೇಕೋ ಬಿಡಬೇಕೋ ಎಂದು ನಿಶ್ಚಯಿಸುತ್ತಾರೆ. ದಕ್ಷಿಣ ಆಫ್ರಿಕದ ವಿಟ್‌ವಾಟರ್ಸ್‌ರ‍್ಯಾಂಡ್ ಗಣಿಗಳಲ್ಲಿ ಡ್ಯಾನಿ ಕ್ರೀಗ ಎಂಬ ಎಂಜಿನಿಯರು 1951ರಲ್ಲಿ ಒಂದು ವಿಚಿತ್ರವನ್ನು ವಿವರಿಸಿದನು. ಮಾದರಿಯ ಚೂರುಗಳು ಬಹಳ ಶ್ರೀಮಂತವಾಗಿ ಕಂಡ ಭಾಗಗಳು ಅಗೆದಾಗ ಅಷ್ಟು ಶ್ರೀಮಂತವಾಗಿರುತ್ತಿರಲಿಲ್ಲ. ಬಡವಾಗಿ ಕಂಡವು ಅಷ್ಟು ಬಡವಾಗಿರುತ್ತಿರಲಿಲ್ಲ. ಚೂರುಗಳು ಕೆಲವೇ ಆದುದರಿಂದ ಅತಿಶಯವಾಗಿ ಕಂಡುದರಲ್ಲಿ ಅದೃಷ್ಟದ ಪಾಲೂ ಇರುತ್ತದೆ, ಅಗೆಯುವಾಗ ಅದು ಕಳಚಿಬೀಳುತ್ತದೆ. ಪ್ರತಿ ಭಾಗದ ಅಂದಾಜನ್ನೂ ಸುತ್ತಣ ಸರಾಸರಿಯ ಕಡೆಗೆ ತುಸು ಎಳೆಯಬೇಕೆಂಬುದು ಕ್ರೀಗನ ಪರಿಹಾರ. ಎಂಟು ಪಂದ್ಯಗಳು ಎಂಟು ಕಲ್ಲಿನ ಚೂರುಗಳಿದ್ದಂತೆ.

ಎಷ್ಟು ಎಳೆಯಬೇಕು? ಧಾರಾಳವಾಗಿಯೇ ಲೆಕ್ಕ ಹಾಕೋಣ. ಬಹುಪಾಲು ತಂಡಗಳ ನಿಜವಾದ ಬಲವು ನೂರಕ್ಕೆ 40ರಿಂದ 60 ಗೆಲುವುಗಳ ನಡುವೆ ಇದೆಯೆಂದು ಇಟ್ಟುಕೊಂಡರೆ, ಪ್ರತಿ ತಂಡದ ಲೆಕ್ಕಕ್ಕೂ 24 ಕಲ್ಪಿತ ಪಂದ್ಯಗಳನ್ನು, ಅವುಗಳಲ್ಲಿ 12 ಗೆಲುವುಗಳನ್ನು ಸೇರಿಸಬೇಕೆಂದು ಗಣಿತ ಹೇಳುತ್ತದೆ. ಆಗ ರಾಜಸ್ಥಾನದ ಬಲ 32ರಲ್ಲಿ 19, ಬೆಂಗಳೂರಿನದು 32ರಲ್ಲಿ 13. ಉಳಿದ ಆರು ಪಂದ್ಯಗಳಲ್ಲಿ ಮೊದಲನೆಯದಕ್ಕೆ ಸುಮಾರು 3.6 ಗೆಲುವು, ಎರಡನೆಯದಕ್ಕೆ 2.4. ಏಳಕ್ಕೂ ಒಂದಕ್ಕೂ ಇದ್ದ ಅಂತರ ಒಂದು ಚಿಲ್ಲರೆಗೆ ಇಳಿಯಿತು! ನಮ್ಮ ವಿದ್ಯಾರ್ಥಿಯ ತಪ್ಪು ಇಲ್ಲಿಯೇ ಇದ್ದುದು. ರಾಜಸ್ಥಾನವೇ ಉತ್ತಮವೆಂದು ಅವನು ಊಹಿಸಿದ್ದು ಸರಿ. ಎಷ್ಟು ಉತ್ತಮವೆಂಬುದರಲ್ಲಿ ಮಾತ್ರ ಮೋಸಹೋದನು. ಗಳಿಸಿದ್ದ 14 ಅಂಕಗಳು ಕೈಬಿಡಲಾರವು; ಮುಂದಿನ ಪಂದ್ಯಗಳೇನೋ ಹೆಚ್ಚುಕಡಮೆ ಹೊಸ ಆಟವೇ.

ಇದನ್ನು ಮನೆಯಲ್ಲಿಯೇ ಆಡಿ ನೋಡಬಹುದು. ಡಬ್ಬಿಯೊಂದರಲ್ಲಿ 32 ಹುಣಸೆಬೀಜಗಳನ್ನು ಹಾಕಿ, 13ಕ್ಕೆ ಸುಣ್ಣ ಬಳಿಯಿರಿ. ನೋಡದೆ ಒಂದನ್ನು ತೆಗೆಯಿರಿ. ಬಿಳಿಯದಾದರೆ ಬೆಂಗಳೂರಿಗೆ ಗೆಲುವು. ಅದನ್ನು ಮರಳಿ ಹಾಕಿ, ಜೊತೆಗೆ ಇನ್ನೊಂದು ಬಿಳಿ ಬೀಜವನ್ನು ಸೇರಿಸಿರಿ. ಕಪ್ಪಾದರೆ ಸೋಲು; ಇನ್ನೊಂದು ಕಪ್ಪನ್ನು ಸೇರಿಸಿರಿ. ಪ್ರತಿ ಫಲಿತಾಂಶವೂ ನಮ್ಮ ಅಂದಾಜನ್ನು ತಿದ್ದುವುದರಿಂದ ಹೀಗೆ ಸೇರಿಸುವುದು. ಗಣಿತಜ್ಞ ಪೋಲ್ಯನ ಹೆಸರಿನಿಂದ ಪ್ರಸಿದ್ಧವಾದ ಮಡಕೆ ಇದೇ. ಆರು ಸಲವೂ ಬಿಳಿಯೇ ಬರುವ ಸಂಭಾವ್ಯತೆ 13/32, 14/33, 15/34 ಹೀಗೆ 18/37ರವರೆಗೆ ಆರು ಭಿನ್ನರಾಶಿಗಳ ಗುಣಲಬ್ಧ: ಸುಮಾರು 125ರಲ್ಲಿ ಒಂದು. ಏಪ್ರಿಲ್‌ನಲ್ಲಿ ಬೆಂಗಳೂರಿನ ಆಸೆ ಇಷ್ಟೇ ಇದ್ದಿತು. ಅಲ್ಪವೇ ಸರಿ, ಸೊನ್ನೆಯಲ್ಲ.

ಅಮೆರಿಕದಲ್ಲಿ ಬೇಸ್‌ಬಾಲ್ ಪ್ರಿಯರು ಇಂತಹ ಆಟವನ್ನು ದೊಡ್ಡ ವಿದ್ಯೆಯನ್ನಾಗಿ ಬೆಳೆಸಿದ್ದಾರೆ. 1951ರಲ್ಲಿ ಬಂದ ಎಪಿಬಿಎ, 1961ರಲ್ಲಿ ಬಂದ ಸ್ಟ್ರಾಟ್-ಒ-ಮ್ಯಾಟಿಕ್ ಎಂಬ ಆಟಗಳಲ್ಲಿ ಪ್ರತಿ ಆಟಗಾರನಿಗೂ ಒಂದು ಚೀಟಿ. ಅವನು ಆ ವರ್ಷ ನಿಜವಾಗಿ ಆಡಿದ ರೀತಿಯನ್ನು ದಾಳದ ಅಂಕಿಗಳಿಗೆ ಹೊಂದಿಸಿರುತ್ತಾರೆ. ಹಳೆಯ ಋತುವೊಂದನ್ನು ಮೊದಲಿನಿಂದ ಮತ್ತೆ ಆಡಬಹುದು. ಈಗ ಗಣಕಯಂತ್ರವೇ ದಾಳವನ್ನು ಉರುಳಿಸುತ್ತದೆ, ಬೇರೆ ಬೇರೆ ಊರಿನವರು ಕೂಡಿ ಲೀಗು ನಡೆಸುತ್ತಾರೆ. ಇದರ ತತ್ತ್ವವೇ ಭೌತವಿಜ್ಞಾನಿಗಳ ಮಾಂಟೆ ಕಾರ್ಲೊ ವಿಧಾನ. 1946ರಲ್ಲಿ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತ ಒಬ್ಬನೇ ಇಸ್ಪೀಟು ಆಡುತ್ತಿದ್ದ ಸ್ಟಾನಿಸ್ಲಾವ್ ಉಲಾಮನಿಗೆ, ಆಟ ಗೆಲ್ಲುವ ಸಂಭಾವ್ಯತೆಯನ್ನು ಗಣಿಸುವುದಕ್ಕಿಂತ ನೂರು ಸಲ ಆಡಿ ಎಣಿಸುವುದೇ ಸುಲಭವೆಂದು ಹೊಳೆಯಿತು. ನಮ್ಮ ಹುಡುಗರು ಪಾಠಪುಸ್ತಕದ ಪುಟ ತೆರೆದು ಕೊನೆಯ ಅಂಕಿಗೆ ರನ್ ಎಣಿಸುವ ಆಟವೂ ಇದರ ಬಡನೆಂಟನೇ.

ಆ ವರ್ಷ ಮೇ 22ರಂದು ಅಹಮದಾಬಾದಿನಲ್ಲಿ ಬೆಂಗಳೂರು ಮತ್ತು ರಾಜಸ್ಥಾನ ಎದುರಾದವು; ಸೋತವರು ಮನೆಗೆ ಹೋಗತಕ್ಕದ್ದು. ಆರನ್ನು ಸತತವಾಗಿ ಗೆದ್ದವರೇ ಗೆಲ್ಲುವರೆಂದು ರೈಲಿನಲ್ಲಿ ಎಲ್ಲರೂ ಹೇಳುತ್ತಿದ್ದರು. ನಮ್ಮ ವಿದ್ಯಾರ್ಥಿಯೂ ಹೇಳಿದನು, ಈ ಸಲ ಪಣವಿಲ್ಲದೆ. ಡಬ್ಬಿಯ ಲೆಕ್ಕವನ್ನು ಅವನಿಂದಲೇ ಮಾಡಿಸಿದೆವು: 14 ಪಂದ್ಯಗಳ ತರುವಾಯ ಬೆಂಗಳೂರು 38ರಲ್ಲಿ 19, ಮಳೆಯ ಪಂದ್ಯವನ್ನು ಬಿಟ್ಟರೆ ರಾಜಸ್ಥಾನ 37ರಲ್ಲಿ 20. ರಾಜಸ್ಥಾನವು 4 ವಿಕೆಟ್‌ಗಳಿಂದ ಗೆದ್ದಿತು.